ನಾಡಿಗ ಅನ್ನೋ ಅಡ್ಡಹೆಸರು ಎಲ್ಲಿಂದ ಬಂತು? ಅರ್ಥ ಏನು? ಈ ಹೆಸರಿನವರು ಎಲ್ಲೆಲ್ಲಿ ಇದ್ದಾರೆ?

ನಿಮ್ಮ ಪ್ರಶ್ನೆ ನೋಡಿ ತುಂಬ ಖುಷಿಯಾಯಿತು. ನನ್ನ ತಾಯಿಯ ತವರಿನವರು ನಾಡಿಗರೇ, ಹಾಗಾಗಿ ಈ ಹೆಸರಿನ ಹಿಂದೆ ನಾನು ಸುಮಾರು ವರ್ಷ ಓಡಾಡಿದ್ದೇನೆ.

ನೀವು ಬರೆದಿರುವುದು ಇಷ್ಟು: ಹುಟ್ಟಿ ಬೆಳೆದದ್ದು ಪುಣೆಯಲ್ಲಿ, ಅಡ್ಡಹೆಸರು ನಾಡಿಗ್, ಅಲ್ಲಿ ಎಲ್ಲರೂ ‘ನದಿಗ್’ ಅಂತ ಕರೆಯುತ್ತಾರೆ. ಮೂಲ ಶಿವಮೊಗ್ಗದ ಕಡೆ ಅನ್ನುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ನಾಡಿ ಹಿಡಿದು ನೋಡುವ ವೈದ್ಯರ ಮನೆತನ ಅಂತ ನಿಮ್ಮ ಸೋದರತ್ತೆ ಹೇಳುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸ್ವಿಟ್ಜರ್ಲೆಂಡ್ ಅಂತ ಬರುತ್ತದೆ.

ನದಿಯೂ ಅಲ್ಲ, ನಾಡಿಯೂ ಅಲ್ಲ. ನಾಡು.

ನಾಡು ಅನ್ನುವ ಮಾತಿಗೆ ‘ಇಗ’ ಸೇರಿ ನಾಡಿಗ ಆಗಿದೆ. ಕನ್ನಡಿಗ, ಒಕ್ಕಲಿಗ, ಗಾಣಿಗ, ಲೆಕ್ಕಿಗ ಅನ್ನುತ್ತೇವಲ್ಲ, ಅದೇ ‘ಇಗ’. ಬಿಡಿಸಿ ಹೇಳಿದರೆ ನಾಡಿನವನು, ನಾಡಿಗೆ ಸೇರಿದವನು ಅಂತ ಅರ್ಥ. ಆದರೆ ಮನೆತನದ ಹೆಸರಾಗಿ ನಿಂತದ್ದು ಈ ಅರ್ಥದಲ್ಲಿ ಅಲ್ಲ, ಹುದ್ದೆಯ ಅರ್ಥದಲ್ಲಿ. ಒಂದು ನಾಡಿನ ಲೆಕ್ಕಪತ್ರ ಬರೆಯುವವನು, ಕಂದಾಯದ ಕಡತ ಇಟ್ಟುಕೊಳ್ಳುವವನು ನಾಡಿಗ. ವೈದ್ಯರ ಕಥೆ ನಮ್ಮ ಕಡೆಯ ಕೆಲವರ ಬಾಯಲ್ಲೂ ಇದೆ. ಕೇಳಲು ಚೆನ್ನಾಗಿದೆ ನಿಜ. ಆದರೆ ವೈದ್ಯದ ಮನೆಗಳಿಗೆ ನಮ್ಮಲ್ಲಿ ವೈದ್ಯ, ಪಂಡಿತ ಅಂತಲೇ ಹೆಸರು ಬಂದಿದೆ. ನಾಡಿ ನೋಡುವವನನ್ನು ಯಾರೂ ನಾಡಿಗ ಅನ್ನುವುದಿಲ್ಲ.

ಇನ್ನು ಈ ‘ನಾಡು’ ಎಷ್ಟು ದೊಡ್ಡದು? ಈಗ ನಾಡಗೀತೆ, ನಾಡಹಬ್ಬ ಅಂದಾಗ ಇಡೀ ಕರ್ನಾಟಕ ಕಣ್ಣಿಗೆ ಬರುತ್ತದೆ. ಹಿಂದೆ ಹಾಗಿರಲಿಲ್ಲ. ಒಂದಷ್ಟು ಊರುಗಳು ಸೇರಿದರೆ ಒಂದು ನಾಡು, ಅಷ್ಟೇ. ಹಳೆಯ ಶಾಸನಗಳಲ್ಲಿ ಪ್ರದೇಶದ ಹೆಸರಿನ ಜೊತೆಗೇ ಒಂದು ಸಂಖ್ಯೆ ಇರುತ್ತದೆ. ಬನವಾಸಿ 12000, ಸಾಂತಳಿಗೆ 1000, ನಾಗರಖಂಡ 70, ಹೀಗೆ. ಆ ಸಂಖ್ಯೆ ಊರುಗಳದ್ದೋ ಕಂದಾಯದ್ದೋ ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ನಮಗೆ ಬೇಕಾದದ್ದು ಇಷ್ಟು: ದೊಡ್ಡ ಪ್ರಾಂತದೊಳಗೆ ಚಿಕ್ಕ ಚಿಕ್ಕ ನಾಡುಗಳು, ನಾಡಿನೊಳಗೆ ಊರುಗಳು. ಈ ಹಳೇ ಅರ್ಥ ಪೂರ್ತಿ ಸತ್ತಿಲ್ಲ. ಇವತ್ತಿಗೂ ಕರ್ನಾಟಕದ ಹಳ್ಳಿಯವರು ಜಾತಿ, ಆದಾಯದ ಸರ್ಟಿಫಿಕೇಟಿಗೆ ಹೋಗುವುದು ಹೋಬಳಿಯ ನಾಡಕಚೇರಿಗೆ. ನಾಡಕಚೇರಿಯ ನಾಡೂ ನಿಮ್ಮ ಹೆಸರಿನ ನಾಡೂ ಒಂದೇ ಅಳತೆಯದು ಅಂತ ಇಟ್ಟುಕೊಳ್ಳಿ, ಸ್ವಲ್ಪ ಹೆಚ್ಚುಕಮ್ಮಿ.

ನೀವು ಪುಣೆಯಲ್ಲಿರುವುದರಿಂದ ಇನ್ನೊಂದು ವಿಷಯ ನಿಮಗೆ ಬೇಗ ಹಿಡಿಸುತ್ತದೆ. ಹಳೇ ಕಾಲದ ಕಂದಾಯದ ವ್ಯವಸ್ಥೆಯಲ್ಲಿ ಪ್ರತಿ ಹಂತದಲ್ಲೂ ಜೋಡಿ ಹುದ್ದೆ ಇರುತ್ತಿತ್ತು. ಒಬ್ಬ ಯಜಮಾನಿಕೆ ಮಾಡುವವನು, ಇನ್ನೊಬ್ಬ ಬರೆಯುವವನು. ಊರಿನಲ್ಲಿ ಯಜಮಾನಿಕೆ ಗೌಡನದು ಅಥವಾ ಪಟೇಲನದು, ಬರವಣಿಗೆ ಶಾನುಭೋಗನದು. ಉತ್ತರ ಕರ್ನಾಟಕದಲ್ಲಿ, ಮಹಾರಾಷ್ಟ್ರದಲ್ಲಿ ಅದೇ ಕೆಲಸ ಕುಲಕರ್ಣಿಯದು. ನಾಡಿನ ಹಂತಕ್ಕೆ ಬಂದರೆ ಯಜಮಾನಿಕೆ ನಾಡಗೌಡನದು, ಬರವಣಿಗೆ ನಾಡಿಗನದು. ಈಗ ಮರಾಠಿಯಲ್ಲಿ ‘ನಾಡು’ ತೆಗೆದು ‘ದೇಶ’ ಹಾಕಿ ನೋಡಿ. ನಾಡಗೌಡನ ಜಾಗದಲ್ಲಿ ದೇಶಮುಖ, ದೇಸಾಯಿ. ನಾಡಿಗನ ಜಾಗದಲ್ಲಿ ದೇಶಪಾಂಡೆ! ಅಂದರೆ ನಿಮ್ಮ ಪಕ್ಕದ ಮನೆಯ ದೇಶಪಾಂಡೆಯವರ ಹಿರಿಯರೂ ನಿಮ್ಮ ಹಿರಿಯರೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತಿದ್ದರು, ಬೇರೆ ಬೇರೆ ಅರಸರ ಕೆಳಗೆ. ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷ.

ಆ ಕೆಲಸ ಹೇಗಿತ್ತು ಅನ್ನುವುದಕ್ಕೆ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳಲೇಬೇಕು. ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ, ಅಡಿಕೆ ಗೋಟಿನ ಚೀಲದ ಹಿಂದೆ, ಹಳೇ ಪಂಚೆಯಲ್ಲಿ ಸುತ್ತಿಟ್ಟ ಒಂದು ಕಡತ ಇತ್ತು. ನೀವು ಕಡತ ಅಂದರೆ ಆಫೀಸಿನ ಫೈಲು ಅಂದುಕೊಂಡಿರಬಹುದು. ನಿಜವಾದ ಕಡತ ಬಟ್ಟೆಯದು. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿಯನ್ನು ಇದ್ದಿಲಪುಡಿಯ ಜೊತೆ ಕಲಸಿ ಬಳಿಯುತ್ತಿದ್ದರು. ಒಣಗಿದ ಮೇಲೆ ಸ್ಲೇಟಿನ ಹಾಗೆ ಕಪ್ಪಗೆ, ಗಟ್ಟಿಯಾಗುತ್ತದೆ. ಅದನ್ನು ಒಂದರ ಮೇಲೊಂದು ಮಡಿಕೆ ಬರುವ ಹಾಗೆ ಮಡಚಿ, ಮೇಲೆ ಕೆಳಗೆ ಹಲಗೆ ಇಟ್ಟು, ಬಳಪದಲ್ಲಿ ಬರೆಯುತ್ತಿದ್ದರು. ತಪ್ಪಾದರೆ ಒರೆಸಬಹುದು. ಹಳೇ ಲೆಕ್ಕ ಬೇಡವಾದರೆ ಮತ್ತೆ ಕಪ್ಪು ಬಳಿದು ಹೊಸದು ಬರೆಯಬಹುದು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಬಹಳ ಇವೆ, ಇತಿಹಾಸ ಬರೆಯುವವರು ಅವನ್ನು ಬಳಸಿಕೊಂಡಿದ್ದಾರೆ.

ಅಜ್ಜನ ಕಡತ ಬಿಚ್ಚಿದಾಗ ನನಗೆ ಹದಿನೈದೋ ಹದಿನಾರೋ ವಯಸ್ಸು. ಮಡಿಕೆಗಳ ಅಂಚಿನಲ್ಲಿ ಕಪ್ಪು ಸಿಪ್ಪೆಯ ಹಾಗೆ ಏಳುತ್ತಿತ್ತು, ಬೆರಳೆಲ್ಲ ಮಸಿ. ಅಕ್ಷರ ಕನ್ನಡವೇ, ಆದರೆ ಒಂದಕ್ಕೊಂದು ಸೇರಿಕೊಂಡು ಓಡುತ್ತಿದ್ದವು, ಪದಗಳ ನಡುವೆ ಜಾಗವೇ ಇಲ್ಲ. ಅಜ್ಜ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದಿದರು. ಗದ್ದೆಯ ಹೆಸರು, ಎಷ್ಟು ಖಂಡುಗ ಬಿತ್ತನೆಯ ಜಾಗ, ಎಷ್ಟು ವರಹ, ಎಷ್ಟು ಹಣ, ಎಷ್ಟು ಹಾಗ. ಹಾಗ ಅಂದರೆ ಕಾಲು ಹಣ ಅಂತ ನನಗೆ ಗೊತ್ತಾದದ್ದು ಅವತ್ತೇ. ನಾಲ್ಕು ಮಡಿಕೆ ದಾಟುವಷ್ಟರಲ್ಲಿ ಅವರ ಕಣ್ಣು ಸೋತಿತು. ಆ ಗದ್ದೆಗಳಲ್ಲಿ ಒಂದು ನಮ್ಮ ಮನೆಯ ಕೆಳಗೇ ಇತ್ತು, ಅದೇ ಹೆಸರಲ್ಲೇ ಇವತ್ತಿಗೂ ಕರೆಯುತ್ತಾರೆ.

ಶಿವಮೊಗ್ಗ ಸೀಮೆಯಲ್ಲಿ ಇಂಥ ಲೆಕ್ಕಕ್ಕೆ ದೊಡ್ಡ ಇತಿಹಾಸವೇ ಇದೆ. 1499ರಿಂದ 1763ರವರೆಗೆ ಅಲ್ಲಿ ಆಳಿದವರು ಕೆಳದಿ ನಾಯಕರು. ಅವರಲ್ಲಿ ಶಿವಪ್ಪನಾಯಕ (1645–1660) ಮಾಡಿದ ಭೂಕಂದಾಯದ ಏರ್ಪಾಟಿಗೆ ‘ಶಿಸ್ತು’ ಅಂತ ಹೆಸರು. ಜಮೀನನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿದ. ಬೆಳೆಯ ಮೂರರಲ್ಲಿ ಒಂದು ಪಾಲು ಕಂದಾಯ ಅಂತ ಗೊತ್ತು ಮಾಡಿದ. ಪ್ರತಿ ಜಮೀನು ಯಾವ ತರಗತಿ, ಎಷ್ಟು ಬಿತ್ತನೆ, ಎಷ್ಟು ಹುಟ್ಟುವಳಿ ಅಂತ ಬರೆದಿಡಬೇಕಲ್ಲ, ಅದಕ್ಕೆ ಊರಿನ ಶಾನುಭೋಗರು ಬೇಕು, ಅವರ ಲೆಕ್ಕವನ್ನು ಒಟ್ಟು ಮಾಡಿ ನೋಡುವವರು ಮೇಲೊಬ್ಬರು ಬೇಕು. ಮಲೆನಾಡಿನಲ್ಲಿ ನಾಡಿಗರ ಮನೆಗಳು ಜಾಸ್ತಿ ಕಾಣುವುದಕ್ಕೆ ಈ ಬಿಗಿಯಾದ ಲೆಕ್ಕದ ಪದ್ಧತಿಯೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಹುದ್ದೆ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು. ಸಂಬಳದ ಬದಲು ಉಂಬಳಿ ಜಮೀನು ಇರುತ್ತಿತ್ತು. ಹೀಗೆ ಕೆಲಸದ ಹೆಸರು ಮನೆಗೆ ಅಂಟಿಕೊಂಡಿತು. 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋದ ಮೇಲೆ ತಾಲ್ಲೂಕಿನ ಅಮಲ್ದಾರ, ಹೋಬಳಿಯ ಶೇಕ್ದಾರ ಇವರದೇ ಕಾರುಬಾರು. ಊರಿನ ಪಟೇಲ, ಶಾನುಭೋಗರು ಮಾತ್ರ ಬಹಳ ಕಾಲ ಉಳಿದರು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರ ಫೆಬ್ರವರಿ 1ರಿಂದ. ಅಷ್ಟರಲ್ಲಿ ನಾಡಿಗ ಅನ್ನುವುದು ಶಾಲೆಯ ದಾಖಲೆಯಲ್ಲಿ ಬರೆಸುವ ಅಡ್ಡಹೆಸರಾಗಿ ಎಷ್ಟೋ ಕಾಲವಾಗಿತ್ತು.

ಈಗ ಎಲ್ಲೆಲ್ಲಿ ಇದ್ದಾರೆ ಅನ್ನುವ ಪ್ರಶ್ನೆ. ಮುಖ್ಯವಾಗಿ ಶಿವಮೊಗ್ಗ, ಚಿಕ್ಕಮಗಳೂರು, ಅಲ್ಲಿಂದ ಹೊರಟು ಬೆಂಗಳೂರು, ಮೈಸೂರು. ಕವಿ ಸುಮತೀಂದ್ರ ನಾಡಿಗರ ಹೆಸರು ಕೇಳಿರುತ್ತೀರಿ, ಅವರು ಹುಟ್ಟಿದ್ದು 1935ರಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಕಳಸದಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿದ ನಾಡಿಗ ಕೃಷ್ಣಮೂರ್ತಿಯವರು ಇನ್ನೊಬ್ಬರು. ಅವರ ಹೆಸರಲ್ಲಿ ನಾಡಿಗ ಮುಂದೆ ಬಂದಿರುವುದನ್ನು ಗಮನಿಸಿ. ಹಳೇ ಮೈಸೂರಿನ ಕಡೆ ಹೀಗೆ ಮುಂದೆ ಹಾಕುವವರೂ ಉಂಟು. ಎಷ್ಟೋ ಮನೆಗಳಲ್ಲಿ ಅದು ಬರೀ ‘ಎನ್’ ಅನ್ನುವ ಇನಿಷಿಯಲ್ ಆಗಿ ಕುಗ್ಗಿಹೋಗಿದೆ. ಅವರು ಯಾವ ಪಟ್ಟಿಯಲ್ಲೂ ನಾಡಿಗರಾಗಿ ಸಿಗುವುದಿಲ್ಲ. ಆದ್ದರಿಂದ ಫೇಸ್‌ಬುಕ್ಕಿನಲ್ಲಿ ಹುಡುಕಿ ಇಷ್ಟೇ ಜನ ಅಂತ ತೀರ್ಮಾನ ಮಾಡಬೇಡಿ. ನಮ್ಮ ಸೋದರಮಾವಂದಿರಲ್ಲೇ ಒಬ್ಬರು ನಾಡಿಗ ಅಂತ ಬರೆಯುತ್ತಾರೆ, ಇನ್ನಿಬ್ಬರು ಬರೆಯುವುದಿಲ್ಲ.

ಧಾರವಾಡ, ಹಾವೇರಿ ಕಡೆ ಇದೇ ಬೇರಿನಿಂದ ನಾಡಗೀರ, ನಾಡಿಗೇರ ಅನ್ನುವ ಹೆಸರುಗಳಿವೆ. ಉತ್ತರ ಕನ್ನಡದಿಂದ ಗೋವಾದವರೆಗೆ ಕೊಂಕಣಿ ಮಾತಾಡುವವರಲ್ಲಿ ನಾಡಕರ್ಣಿ. ನಾಡಿನ ಕರಣಿಕ, ಅಂದರೆ ಮತ್ತೆ ಅದೇ ಲೆಕ್ಕ ಬರೆಯುವವನು. ಕ್ರಿಕೆಟ್ ಇಷ್ಟ ಇದ್ದರೆ ಬಾಪು ನಾಡಕರ್ಣಿ ನೆನಪಾಗುತ್ತಾರೆ. 1964ರ ಮದರಾಸು ಟೆಸ್ಟಿನಲ್ಲಿ ಇಂಗ್ಲೆಂಡ್ ಮೇಲೆ ಸತತ 21 ಮೇಡನ್ ಓವರ್ ಹಾಕಿದವರು. 32 ಓವರಿಗೆ ಕೊಟ್ಟದ್ದು 5 ರನ್. ಲೆಕ್ಕದ ಮನೆತನದವರು ಅಂದರೆ ಹೀಗಿರಬೇಕು ಅಂತ ನಮ್ಮ ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರು.

ಸ್ವಿಟ್ಜರ್ಲೆಂಡಿನ ವಿಷಯ. ಅದು ಸುಳ್ಳಲ್ಲ, ಆದರೆ ನಮಗೆ ಸಂಬಂಧ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ನಾವು ಬರೆಯುವ ಹಾಗೇ ಬರೆಯುವ ಇನ್ನೊಂದು ಹೆಸರು ಸ್ವಿಟ್ಜರ್ಲೆಂಡ್, ಜರ್ಮನಿಯಲ್ಲಿ ಇದೆ. 1972ರ ಸಪೋರೊ ಚಳಿಗಾಲದ ಒಲಿಂಪಿಕ್ಸಿನಲ್ಲಿ ಸ್ಕೀಯಿಂಗ್‌ನಲ್ಲಿ ಎರಡು ಚಿನ್ನ ಗೆದ್ದ ಮರಿ ತೆರೇಸ್ ನಾಡಿಗ್ ಸ್ವಿಟ್ಜರ್ಲೆಂಡಿನವರು. ಎರಡನೇ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಸಂವಿಧಾನ ರಚಿಸಿದ ಸಭೆಯಲ್ಲಿದ್ದ ನಾಲ್ಕೇ ಮಹಿಳೆಯರಲ್ಲಿ ಒಬ್ಬರು ಫ್ರೀಡರಿಕೆ ನಾಡಿಗ್. ಹೆಸರುಗಳ ನಕ್ಷೆ ತೋರಿಸುವ ವೆಬ್‌ಸೈಟುಗಳು ಬರೀ ಸ್ಪೆಲಿಂಗ್ ನೋಡುತ್ತವೆ, ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತವೆ. ನಮ್ಮ ‘ಡ’ ಅವರ ಸ್ಪೆಲಿಂಗಿನಲ್ಲಿ ಎಲ್ಲಿಂದ ಕಾಣಬೇಕು? ‘ನದಿಗ್’ ಅಂತ ನಿಮ್ಮನ್ನು ಕರೆಯುವುದೂ ಇದೇ ಕಾರಣಕ್ಕೆ. ಕೊನೆಯ ‘ಗ’ ಅರ್ಧವಾದದ್ದೂ ಇಂಗ್ಲಿಷಿನಿಂದಲೇ. ನೀವು ಹೇಳುವಾಗ ದಯವಿಟ್ಟು ನಾಡಿಗ ಅಂತ ಪೂರ್ತಿ ಹೇಳಿ. ಮರಾಠಿಯಲ್ಲಿ ‘ಡ’ ಇದೆ, ದೇವನಾಗರಿಯಲ್ಲಿ ಒಮ್ಮೆ ಬರೆದು ತೋರಿಸಿದರೆ ಅವರಿಗೆ ತಕ್ಷಣ ಸರಿಹೋಗುತ್ತದೆ.

ಒಂದು ಎಚ್ಚರಿಕೆ ಮಾತ್ರ. ನಾಡಿಗ ಅನ್ನುವುದು ಜಾತಿಯ ಹೆಸರಲ್ಲ, ಒಂದೇ ವಂಶದ ಹೆಸರೂ ಅಲ್ಲ. ಬರೆಯುವ ಕೆಲಸವಾದ್ದರಿಂದ ಹೆಚ್ಚಿನ ಮನೆಗಳು ಬ್ರಾಹ್ಮಣರವು. ಅದರಲ್ಲೂ ಮಾಧ್ವರಿದ್ದಾರೆ, ಸ್ಮಾರ್ತರಿದ್ದಾರೆ, ಗೋತ್ರಗಳು ಬೇರೆ ಬೇರೆ. ಪ್ರತಿ ನಾಡಿಗೂ ಒಬ್ಬ ನಾಡಿಗ ಇದ್ದಾನೆ ಅಂದಮೇಲೆ ಎಲ್ಲರೂ ದಾಯಾದಿಗಳು ಹೇಗಾಗುತ್ತಾರೆ? ಬೇರೆ ನಾಡಿಗರು ಸಿಕ್ಕಿದರೆ ಮೊದಲು ಗೋತ್ರ ಕೇಳಿ, ಆಮೇಲೆ ಮನೆದೇವರು, ಆಮೇಲೆ ಊರು. ಮೂರೂ ಕೂಡಿದರೆ ನೆಂಟಸ್ತಿಕೆ ಹುಡುಕಬಹುದು.

ನಿಮ್ಮ ನಾಡು ಯಾವುದು ಅಂತ ತಿಳಿಯಬೇಕಾದರೆ ತಾತನ ಊರು ಗೊತ್ತಾಗಬೇಕು. ಸೋದರತ್ತೆ ಇದ್ದಾರಲ್ಲ, ಈಗಲೇ ಕೂತು ಕೇಳಿ, ಮುಂದೂಡಬೇಡಿ. ಮದುವೆಯ ಲಗ್ನಪತ್ರಿಕೆಗಳು, ಹಳೇ ಜಾತಕ, ಜಮೀನಿನ ಕಾಗದ ಏನಾದರೂ ಇದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ಊರು ಸಿಕ್ಕಿದ ಮೇಲೆ ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಆ ತಾಲ್ಲೂಕಿನ ಶಾಸನ ನೋಡಿ. ಶಿವಮೊಗ್ಗ ಜಿಲ್ಲೆಯದು 7 ಮತ್ತು 8ನೇ ಸಂಪುಟ, ಆಗಿನ ಕಡೂರು ಜಿಲ್ಲೆ, ಅಂದರೆ ಈಗಿನ ಚಿಕ್ಕಮಗಳೂರಿನದು 6ನೇ ಸಂಪುಟ. ಅಲ್ಲಿ ‘ಸೇನಬೋವ’ ಅನ್ನುವ ಪದ ಬಂದಲ್ಲಿ ನಿಂತು ಓದಿ, ಶಾನುಭೋಗ ಅನ್ನುವುದರ ಹಳೇ ರೂಪ ಅದು. ನಿಮ್ಮ ಊರು ಯಾವ ನಾಡಿಗೆ ಸೇರಿತ್ತು ಅನ್ನುವುದು ಅಲ್ಲೇ ಪಕ್ಕದ ಸಾಲಿನಲ್ಲಿ ಸಿಕ್ಕರೂ ಸಿಕ್ಕೀತು.

ಊರಿನ ಹೆಸರು ಗೊತ್ತಾದ ದಿನ ನನಗೂ ಬರೆದು ತಿಳಿಸಿ. ಆ ಸಂಪುಟಗಳು ನನ್ನ ಹತ್ತಿರ ಇವೆ, ನಾನೂ ಹುಡುಕುತ್ತೇನೆ.