ಬೆಂಗಳೂರಿನಲ್ಲಿ ಸೂರ್ಯನ ಸುತ್ತ ಉಂಗುರ ಮೂಡಿದ ಚಿತ್ರಗಳು ನಿಜವೇ?

2021ರ ಮೇ 24ರಂದು ಬೆಂಗಳೂರಿನಲ್ಲಿ ಜನರು ತೆಗೆದ ಆ ಚಿತ್ರಗಳಲ್ಲಿ ಕಾಣುವುದು ನಿಜವಾದ ದೃಶ್ಯವೇ. ಅದಕ್ಕೆ ಪರಿವೇಷ ಎಂದು ಹೆಸರು. ಬಹಳ ಎತ್ತರದಲ್ಲಿ ತೆಳುವಾಗಿ ಹರಡಿದ ಮೋಡಗಳಲ್ಲಿರುವ ಷಟ್ಕೋನಾಕಾರದ ಮಂಜುಗಡ್ಡೆಯ ಹರಳುಗಳನ್ನು ಒಂದು ಪಕ್ಕದಿಂದ ಹೊಕ್ಕ ಬೆಳಕು, ಅದಕ್ಕೆ 60 ಡಿಗ್ರಿ ಕೋನದಲ್ಲಿರುವ ಇನ್ನೊಂದು ಪಕ್ಕದಿಂದ ಹೊರಬರುವಾಗ ಕನಿಷ್ಠ 22 ಡಿಗ್ರಿಯಷ್ಟು ಬಾಗುವುದರಿಂದ, ಸೂರ್ಯನಿಂದ ಅಷ್ಟೇ ಕೋನದೂರದಲ್ಲಿ ಬೆಳಕು ಒತ್ತಾಗಿ ಸೇರಿ ಉಂಗುರವಾಗಿ ತೋರುತ್ತದೆ. ತೋಳನ್ನು ಪೂರ್ತಿ ಚಾಚಿ ಹಿಡಿದ ಒಂದು ಗೇಣು ಹೆಚ್ಚುಕಡಿಮೆ ಇಷ್ಟೇ ಕೋನವನ್ನು ಆವರಿಸುತ್ತದೆ. ಕೆಂಪು ಬೆಳಕು ಎಲ್ಲಕ್ಕಿಂತ ಕಡಿಮೆ ಬಾಗುವ ಕಾರಣ ಒಳ ಅಂಚಿನಲ್ಲಿರುತ್ತದೆ. ಇದನ್ನು ಕಾಮನಬಿಲ್ಲು ಎನ್ನುವುದು ಸರಿಯಲ್ಲ. ಕಾಮನಬಿಲ್ಲು ಮೂಡುವುದು ಮಳೆಹನಿಗಳಿಂದ, ಅದೂ ಸೂರ್ಯನಿಗೆ ಬೆನ್ನು ಮಾಡಿ ನಿಂತವರಿಗೆ. ಚಿತ್ರ ತೆಗೆಯುವಾಗ ಸೂರ್ಯನನ್ನು ಕಂಬಕ್ಕೋ ಮರಕ್ಕೋ ಮರೆಮಾಡಿಕೊಂಡರೆ ಉಂಗುರ ಇನ್ನಷ್ಟು ಸ್ಪಷ್ಟವಾಗಿ ಮೂಡುತ್ತದೆ.