ಒಂದು ಕಿವಿಗೆ ಇಂಪ್ಲಾಂಟ್, ಇನ್ನೊಂದರ ಏಡ್ ಡಬ್ಬಿಯಲ್ಲಿ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 58 ವರ್ಷ. ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕುತ್ತಿದ್ದರು. ಬಲಗಿವಿಗೆ ಮಾತು ತಿಳಿಯುವುದೇ ನಿಂತಾಗ ಅಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸುವ, ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡುವ ಸಾಧನ) ಮಾಡಿಸಿಕೊಂಡರು. ಸ್ವಿಚ್ ಆನ್ ಆಗಿ ಎರಡು ತಿಂಗಳಾದ ಮೇಲೆ ಮಗನ ಜೊತೆ ಬಂದರು. ಎಡಗಿವಿಯ ಏಡ್ ಅಷ್ಟರಲ್ಲಿ ಡಬ್ಬಿ ಸೇರಿತ್ತು.

"ಎರಡೂ ಹಾಕಿದ್ರೆ ಒಂದೇ ಮಾತು ಎರಡು ಥರ ಕೇಳುತ್ತೆ. ಬಲಗಡೆ ಯಂತ್ರ ಮಾತಾಡಿದ ಹಾಗೆ, ಎಡಗಡೆ ಇವನದೇ ದನಿ. ತಲೆನೋವು ಬರುತ್ತೆ."

"ಇಂಪ್ಲಾಂಟ್ ಒಂದೇ ಸಾಕಲ್ವಾ ಮೇಡಂ? ಆ ಏಡ್ ಸುಮ್ನೆ ಯಾಕೆ?" ಅಂದ ಮಗ.

ಬಾಯಿಗೆ ಕಾಗದ ಅಡ್ಡ ಹಿಡಿದು "ಸರಿ" ಅಂದೆ. ಒಮ್ಮೆ ಒಪ್ಪಿದ ಹಾಗೆ, ಒಮ್ಮೆ ಕೇಳಿದ ಹಾಗೆ. ಇಂಪ್ಲಾಂಟ್ ಒಂದರಲ್ಲೇ ಪದ ತಿಳಿಯಿತು, ಪ್ರಶ್ನೆಯೋ ಒಪ್ಪಿಗೆಯೋ ತಿಳಿಯಲಿಲ್ಲ. ಏಡ್ ಹಾಕಿಕೊಂಡ ಮೇಲೆ ಎರಡೂ ಸಲ ಸರಿಯಾಗಿ ಹೇಳಿದರು. ಮಗ ಆಮೇಲೆ ಆ ಪ್ರಶ್ನೆ ಕೇಳಲಿಲ್ಲ.

ಒಳಗಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಸುಮಾರು 3,500 ಒಳ ರೋಮಕೋಶಗಳು ಮಾಡುತ್ತಿದ್ದ ಕೆಲಸವನ್ನು ಇಂಪ್ಲಾಂಟಿನಲ್ಲಿ 12ರಿಂದ 22 ಎಲೆಕ್ಟ್ರೋಡುಗಳು ಮಾಡಬೇಕು. ಸ, ತ, ಕ ಥರದ ವ್ಯಂಜನಗಳನ್ನು ಅದು ಚೆನ್ನಾಗಿ ದಾಟಿಸುತ್ತದೆ. ದನಿಯ ಏರಿಳಿತ, ಹಾಡಿನ ರಾಗ ಅದಕ್ಕೆ ಕಷ್ಟ. ಎಡಗಿವಿಯಲ್ಲಿ ಉಳಿದಿರುವ ತಗ್ಗು ಸ್ವರದ ಶ್ರವಣ ಅದನ್ನೇ ತುಂಬಿಕೊಡುತ್ತದೆ. ಗದ್ದಲದಲ್ಲೂ ಇದರ ಉಪಯೋಗ ಜಾಸ್ತಿ. ಬಳಸದೆ ಬಿಟ್ಟ ಕಿವಿಯಲ್ಲಿ ಮಾತು ಗುರುತಿಸುವ ಶಕ್ತಿ ಕುಗ್ಗುತ್ತಾ ಹೋಗಬಹುದು ಅನ್ನುವುದನ್ನೂ ಹೇಳಿದೆ.

ಆಗ ಅವರು ಅತ್ತರು. "ಆಪರೇಷನ್ ಆದ್ಮೇಲೂ ಏಡ್ ಹಾಕ್ಕೊಂಡ್ರೆ, ಸರಿ ಹೋಗ್ಲಿಲ್ಲ ಅಂತಾರೆ." ಏಡ್ ತೆಗೆದಿಡಲು ತಲೆನೋವಿಗಿಂತ ಇದೇ ದೊಡ್ಡ ಕಾರಣ ಅಂತ ನನಗನ್ನಿಸಿತು. ಇಂಪ್ಲಾಂಟ್ ಸೋತಿಲ್ಲ, ಎರಡೂ ಸೇರಿ ಕೆಲಸ ಮಾಡುವುದೇ ನಿಮ್ಮ ಚಿಕಿತ್ಸೆ ಅಂದೆ. ಮನೆಯವರಿಗೂ ಇದನ್ನೇ ಹೇಳಲು ಮಗನಿಗೆ ತಿಳಿಸಿದೆ.

ಏಡ್‌ನ ಸೆಟ್ಟಿಂಗ್ ಆಪರೇಷನ್‌ಗಿಂತ ಮುಂಚಿನದೇ ಇತ್ತು. ಎರಡೂ ಸಾಧನ ಹಾಕಿಕೊಂಡೇ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಕೂತು, ಎರಡೂ ಕಡೆ ಒಂದೇ ಜೋರಿಗೆ ಕೇಳುವ ಹಾಗೆ ಹೊಂದಿಸಿಕೊಳ್ಳಲು ಹೇಳಿದೆ. ದಿನವಿಡೀ ಎರಡೂ ಇರಲಿ. ಅರ್ಧ ಗಂಟೆ ಮಾತ್ರ ಏಡ್ ತೆಗೆದು, ಮಗ ಓದುವುದನ್ನು ಪುಸ್ತಕ ನೋಡುತ್ತಾ ಇಂಪ್ಲಾಂಟಿನಲ್ಲೇ ಕೇಳಲಿ. ಯಂತ್ರದ ದನಿ ಸಹಜವಾಗಲು ಕೆಲವು ತಿಂಗಳೇ ಬೇಕಾಗುತ್ತದೆ. ಮಗ ಕೂಗಿ ಮಾತಾಡುವುದು ಬೇಡ, ಟಿವಿ ಆರಿಸಿ ಎದುರಿಗೆ ಕೂತರೆ ಸಾಕು.

ಕೆಲವು ತಿಂಗಳ ನಂತರ ಇಂಪ್ಲಾಂಟ್ ಮಾತ್ರ ಹಾಕಿ ಒಮ್ಮೆ, ಎರಡೂ ಹಾಕಿ ಒಮ್ಮೆ ಮಾತಿನ ಪರೀಕ್ಷೆ ಮಾಡಿಸಬೇಕು. ಏಡ್ ಸೇರಿದರೆ ಅಂಕ ಇಳಿಯುತ್ತಿದ್ದರೆ, ಎಡಗಿವಿಗೂ ಇಂಪ್ಲಾಂಟ್ ಬೇಕೇ ಅಂತ ವೈದ್ಯರ ಹತ್ತಿರ ಮಾತಾಡೋಣ ಅಂದಿದ್ದೇನೆ.