ಮದುವೆಯಾಗಲಿರುವ ಹುಡುಗನ ರಿಪೋರ್ಟಿನಲ್ಲಿ ‘ಸಿಕಲ್ ಸೆಲ್’ ಎಂದಿದೆ. ಇದು ವಾಸಿಯಾಗುತ್ತದೆಯೇ?

ನೀವು ಬರೆದಿರುವುದರಿಂದ ನನಗೆ ತಿಳಿದದ್ದು ಇಷ್ಟು. ನೀವು ಮಾಲೂರಿನವರು, ನರಸಾಪುರದ ಕಾರ್ಖಾನೆಯಲ್ಲಿ ಕೆಲಸ. ಅಲ್ಲೇ ಕೆಲಸ ಮಾಡುವ ಪಶ್ಚಿಮ ಒಡಿಶಾದ ಹುಡುಗನನ್ನು ಮದುವೆಯಾಗಬೇಕೆಂದಿದ್ದೀರಿ. ಅವನ ರಿಪೋರ್ಟಿನಲ್ಲಿ ‘ಎಚ್‌ಬಿ ಎಸ್’ (ರಕ್ತಕಣಗಳನ್ನು ಬಾಗಿಸುವ ಸಿಕಲ್ ಹಿಮೋಗ್ಲೋಬಿನ್) ಶೇಕಡಾ 37 ಬಂದಿದೆ. ಅವನ ತಂಗಿ ಚಿಕ್ಕಂದಿನಿಂದ ಈ ಕಾಯಿಲೆಯಿಂದ ನರಳುತ್ತಿದ್ದಾಳೆ. ನಿಮ್ಮ ಮನೆಯವರು ‘ರಕ್ತವೇ ಕೆಟ್ಟ ವಂಶ’ ಎನ್ನುತ್ತಿದ್ದಾರೆ. ಹೊಸ ಚಿಕಿತ್ಸೆಯೊಂದರ ಬಗ್ಗೆಯೂ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಕೋಲಾರದಲ್ಲಿ ಹದಿನಾಲ್ಕು ವರ್ಷದಿಂದ ಲ್ಯಾಬ್ ಟೆಕ್ನೀಷಿಯನ್. ಹಾಗಾಗಿ ರಿಪೋರ್ಟಿನಿಂದಲೇ ಶುರು ಮಾಡುತ್ತೇನೆ.

ಶೇಕಡಾ 37 ಎಂದರೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಾಮಾನ್ಯ ಹಿಮೋಗ್ಲೋಬಿನ್ ಇದ್ದರೆ, ಹುಡುಗ ಬರೀ ವಾಹಕ. ಹಿಮೋಗ್ಲೋಬಿನ್‌ನ ಈ ಜೀನ್ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಅವನಿಗೆ ಒಂದು ಸರಿಯಾದದ್ದು, ಒಂದು ಬದಲಾದದ್ದು ಬಂದಿದೆ. ಅವನ ತಂಗಿಗೆ ಎರಡೂ ಬದಲಾದವೇ ಬಂದಿವೆ. ವಾಹಕತ್ವ ಮುಂದೆ ಬಲಿತು ಕಾಯಿಲೆಯಾಗುವುದಿಲ್ಲ. ವಾಹಕರಿಗೆ ಮಲೇರಿಯಾದ ಕಠಿಣ ರೂಪದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಬೀಡುಬಿಟ್ಟಿದ್ದ ಸೀಮೆಗಳಲ್ಲಿ ಈ ಜೀನ್ ಉಳಿದುಕೊಂಡದ್ದೇ ಅದರಿಂದ. ‘ಕೆಟ್ಟ ರಕ್ತ’ ಎನ್ನುವವರಿಗೆ ಇದನ್ನು ಹೇಳಿ, ಕೇಳುತ್ತಾರೋ ಇಲ್ಲವೋ.

ಇನ್ನು ನಿಮ್ಮ ರಕ್ತದ ವಿಷಯ. ಅದನ್ನು ನೀವು ಬರೆದೇ ಇಲ್ಲ. ಮದುವೆಯಾಗಬಹುದೇ ಎಂಬುದಕ್ಕಿಂತ ಮಕ್ಕಳ ಗತಿಯೇನು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ. ಎಚ್‌ಪಿಎಲ್‌ಸಿ ಪರೀಕ್ಷೆ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವುದು) ಮಾಡಿಸಿಕೊಳ್ಳಿ, ಬರಿಹೊಟ್ಟೆಯಲ್ಲಿ ಬರಬೇಕಾಗಿಲ್ಲ. ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಮಾತ್ರ ತಡೆದು ಬನ್ನಿ, ಇಲ್ಲದಿದ್ದರೆ ದಾನಿಯ ರಕ್ತದ ಲೆಕ್ಕವೂ ಸೇರಿ ರಿಪೋರ್ಟ್ ದಾರಿ ತಪ್ಪಿಸುತ್ತದೆ. ‘ಎಸ್’ ಇಲ್ಲ ಎಂದ ತಕ್ಷಣ ಕಾಗದ ಮಡಚಿ ಇಡಬೇಡಿ. ಪಕ್ಕದಲ್ಲಿ ‘ಎ2’ ಎಂಬ ಇನ್ನೊಂದು ಬಗೆಯ ಹಿಮೋಗ್ಲೋಬಿನ್ ಸಂಖ್ಯೆ ಇರುತ್ತದೆ. ಅದು ಸುಮಾರು ಶೇಕಡಾ 3.5ಕ್ಕಿಂತ ಮೇಲಿದ್ದರೆ ನೀವು ಬೀಟಾ ಥಲಸ್ಸೀಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತದ ಕಾಯಿಲೆಯ ವಾಹಕರಿರಬಹುದು. ಹುಡುಗನ ‘ಎಸ್’ ಜೊತೆ ಅದು ಕೂಡಿದರೂ ಮಗುವಿಗೆ ಸಿಕಲ್ ಸೆಲ್ ಕಾಯಿಲೆಯೇ ಬರುತ್ತದೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಕಬ್ಬಿಣಾಂಶದ ಕೊರತೆ ಇದ್ದರೆ ಎ2 ಕೆಳಗಿಳಿದು ಮೋಸ ಮಾಡುವುದೂ ಉಂಟು. ಹಾಗಾಗಿ ಮೈಯಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ.

ನಿಮ್ಮದೆಲ್ಲ ಸರಿಯಿದ್ದರೆ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ, ವಾಹಕರಾಗುವ ಸಾಧ್ಯತೆ ಅರ್ಧಕ್ಕರ್ಧ. ನೀವೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲನೆಯದಕ್ಕೆ ಬಂತು, ಇನ್ನು ಮೂರು ಮಕ್ಕಳು ಪಾರು ಎಂದು ಲೆಕ್ಕ ಹಾಕುವವರನ್ನು ಕಂಡಿದ್ದೇನೆ. ಹಾಗಲ್ಲ, ಪ್ರತಿ ಬಸಿರಿಗೂ ಲೆಕ್ಕ ಹೊಸದು. ಆಗಲೂ ದಾರಿ ಮುಚ್ಚಿಲ್ಲ. ಬಸಿರಿನ ಮೂರನೆಯ ತಿಂಗಳ ಹೊತ್ತಿಗೆ ಭ್ರೂಣದ ಪರೀಕ್ಷೆ ಮಾಡಿಸಬಹುದು.

ಕಾಯಿಲೆ ಹೇಗಿರುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಕೆಲವು ವರ್ಷಗಳ ಹಿಂದೆ. ಒಡಿಶಾದವನೇ ಒಬ್ಬ ಹುಡುಗ, ತೊಡೆ ಮತ್ತು ಬೆನ್ನಿನಲ್ಲಿ ತಡೆಯಲಾರದ ನೋವು. ಎಲ್ಲೋ ಒಂದು ಕಡೆ ವಾಯು ಎಂದು ಇಂಜೆಕ್ಷನ್ ಕೊಟ್ಟಿದ್ದರು, ರಕ್ತ ಕಡಿಮೆ ಎಂದು ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸಿದ್ದರು. ಸ್ಲೈಡಿನ ಮೇಲೆ ಅವನ ರಕ್ತದ ಹನಿಗೆ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ಬೆರೆಸಿ, ಗಾಜಿನ ಅಂಚಿಗೆ ಉಗುರಿನ ಬಣ್ಣ ಬಳಿದು ಗಾಳಿ ಆಡದಂತೆ ಮುಚ್ಚಿದೆ. ಆಮ್ಲಜನಕ ತೀರುತ್ತಿದ್ದಂತೆ, ದುಂಡಗಿದ್ದ ಕಣಗಳು ಒಂದೊಂದಾಗಿ ಬಾಗಿ ಎರಡೂ ತುದಿ ಚೂಪಾದವು. ರಾಗಿ ಕೊಯ್ಯುವ ಕುಡುಗೋಲು ನೋಡಿದವರಿಗೆ ಆ ಹೆಸರು ಯಾಕೆಂದು ವಿವರಿಸಬೇಕಿಲ್ಲ. ಒಂದು ಮಾತು: ಈ ಪರೀಕ್ಷೆ ವಾಹಕರಲ್ಲೂ ಪಾಸಿಟಿವ್ ಬರುತ್ತದೆ. ಕಾಯಿಲೆಯೋ ವಾಹಕತ್ವವೋ ಎಂದು ತೀರ್ಮಾನಿಸಲು ಎಚ್‌ಪಿಎಲ್‌ಸಿಯೇ ಬೇಕು.

ಇಂಥ ಗಡುಸು ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ನೋವು ಅದರಿಂದ. ಸಾಮಾನ್ಯ ಕಣ 120 ದಿನ ಬಾಳಿದರೆ ಇವು 10ರಿಂದ 20 ದಿನದಲ್ಲೇ ಒಡೆಯುತ್ತವೆ, ರಕ್ತಹೀನತೆ ಅದರಿಂದ. ಕೊರತೆ ಕಬ್ಬಿಣದ್ದಲ್ಲ. ಪದೇಪದೇ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಕಬ್ಬಿಣ ಬೇಕಾದ್ದಕ್ಕಿಂತ ಹೆಚ್ಚೇ ಸೇರಿರುತ್ತದೆ.

ಈಗ ತಂಗಿಯ ಚಿಕಿತ್ಸೆ. ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುತ್ತಿದ್ದಾಳೆಯೇ ಎಂದು ಮೊದಲು ಕೇಳಿ. ಹಳೆಯ ಕ್ಯಾನ್ಸರ್ ಔಷಧ. ಅಮೆರಿಕ 1998ರಲ್ಲಿ ಇದನ್ನು ಸಿಕಲ್ ಸೆಲ್‌ಗೆ ಒಪ್ಪಿತು. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ಹೆಚ್ಚುವಂತೆ ಮಾಡುತ್ತದೆ. ಅದು ಇರುವ ಕಣ ಸುಲಭವಾಗಿ ಬಾಗುವುದಿಲ್ಲ. ದಿನವೂ ನುಂಗಬೇಕು, ಬಿಳಿ ರಕ್ತಕಣಗಳು ಇಳಿಯದಂತೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಜ್ವರ ಬಂದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕಾಯಬಾರದು. ಈ ಕಾಯಿಲೆಯಲ್ಲಿ ಗುಲ್ಮ (ಸೋಂಕು ತಡೆಯುವ ಅಂಗ, ಸ್ಪ್ಲೀನ್) ಬೇಗ ಸೋಲುವುದರಿಂದ ಸೋಂಕು ಗಂಟೆಗಳಲ್ಲೇ ಏರಬಹುದು.

ನೀವು ಕೇಳಿದ ಹೊಸ ಚಿಕಿತ್ಸೆ ಕ್ರಿಸ್ಪರ್ (ಜೀನ್ ಕತ್ತರಿಸಿ ತಿದ್ದುವ ತಂತ್ರ) ಆಧಾರಿತ ಕ್ಯಾಸ್‌ಗೆವಿ. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟವು. ರೋಗಿಯದೇ ಮೂಲಕೋಶಗಳನ್ನು ಹೊರತೆಗೆದು, ಹುಟ್ಟಿದ ಮೇಲೆ ಗರ್ಭದ ಹಿಮೋಗ್ಲೋಬಿನ್ ನಿಲ್ಲಿಸುವ ಸ್ವಿಚ್ಚನ್ನೇ ಕತ್ತರಿಸಿ ಹಿಂದಿರುಗಿಸುತ್ತಾರೆ. ಪ್ರಯೋಗದಲ್ಲಿ 31 ಜನರ ಪೈಕಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಾಧೆ ಇರಲಿಲ್ಲ. ಆದರೆ ಅದಕ್ಕೆ ಮೊದಲು ಕಠಿಣ ಕೀಮೋಥೆರಪಿಯಿಂದ ಮಜ್ಜೆ ಬರಿದು ಮಾಡಬೇಕು, ಮಕ್ಕಳಾಗುವ ಶಕ್ತಿಗೂ ಅದರಿಂದ ಪೆಟ್ಟು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸ್ವದೇಶಿ ಕ್ರಿಸ್ಪರ್ ಚಿಕಿತ್ಸೆಯ ಮೇಲೆ ಕೆಲಸ ಮಾಡುತ್ತಿದ್ದಾರೆ. ಹೊಸದೆಲ್ಲ ಚಿನ್ನವೆಂದು ನಾನು ನಂಬುವುದಿಲ್ಲ: 2019ರಲ್ಲಿ ಇದೇ ಕಾಯಿಲೆಗೆ ಬಂದ ವೊಕ್ಸೆಲೊಟರ್ ಮಾತ್ರೆಯನ್ನು 2024ರಲ್ಲಿ ಕಂಪನಿಯೇ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು.

ಇಂದು ಕೈಗೆಟುಕಬಹುದಾದ ನಿಜವಾದ ವಾಸಿ ಎಂದರೆ ಅಸ್ಥಿಮಜ್ಜೆಯ ಕಸಿ. ಒಡಹುಟ್ಟಿದವರ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಜೀವಕೋಶದ ಗುರುತು) ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ದಾನಿ ವಾಹಕನಾಗಿದ್ದರೂ ನಡೆಯುತ್ತದೆ. ಅಂದರೆ ನಿಮ್ಮ ಮನೆಯವರು ಕೆಟ್ಟದ್ದೆನ್ನುವ ಆ ಹುಡುಗನ ರಕ್ತ, ಹೊಂದಿದರೆ, ಅವನ ತಂಗಿಗೆ ಮದ್ದಾಗಬಹುದು. ಅಣ್ಣ ತಂಗಿಯ ಎಚ್‌ಎಲ್‌ಎ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಹಾಗೆಯೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಸೇರಿದೆ, ತಂಗಿ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಬಹುದು.

ನಿಮ್ಮ ರಿಪೋರ್ಟ್ ಬಂದ ಮೇಲೆ ಎ2 ಮತ್ತು ಫೆರಿಟಿನ್ ಎಷ್ಟೆಂದು ಇಲ್ಲೇ ಕೆಳಗೆ ಬರೆಯಿರಿ. ಹೆಸರು ಅಳಿಸಿ ಹಾಕಿ.